ಬರೆಯಲು ಆಗದ ಮಗುವಿಗೂ ಪರೀಕ್ಷೆಯ ದಾರಿ ಇದೆ



ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿರಿ. ಉಳಿದವರು ಕೇಳಿ, ಕೊನೆಯ ಪ್ರಶ್ನೆಗಳನ್ನು ಚರ್ಚಿಸಿರಿ.

ಬೇವೂರಿರಲಿ, ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಹಳ್ಳಿಯಿರಲಿ, ಕಣ್ಣು ಮಂದವಾದ, ಕಿವಿ ಕೇಳದ, ಕೈಯಲ್ಲಿ ಬಲವಿಲ್ಲದ ಮಕ್ಕಳು ಇರುತ್ತಾರೆ. ಎಲ್ಲಾ ಸರಿಯಿದ್ದರೂ ಅಕ್ಷರ ಕೂಡಿಸಿ ಓದಲು ಒದ್ದಾಡುವ ಮಕ್ಕಳೂ ಇರುತ್ತಾರೆ. ಇಂಥ ಮಗುವನ್ನು ಕಂಡರೆ ಓಣಿಯಲ್ಲಿ ಬರುವ ಮಾತು ಒಂದೇ: "ಪಾಪ, ಅದಕ್ಕ ಬರಿಯಾಕ ಬರೂದಿಲ್ಲ. ಸಾಲಿಗಿ ಕಳಿಸಿ ಏನ್ ಮಾಡೂದೈತಿ? ಮನ್ಯಾಗ ಇರಲಿ." ಹೆಣ್ಣುಮಗು ಆದರೆ ಈ ಮಾತು ಇನ್ನೂ ಬೇಗ ಬರುತ್ತದೆ.

ಸ್ವಲ್ಪ ಯೋಚಿಸೋಣ. ಆ ಮಗುವಿಗೆ ಪಾಠ ತಿಳಿಯಲಿಲ್ಲವೋ, ಅಥವಾ ತಿಳಿದದ್ದನ್ನು ಹಾಳೆಯ ಮೇಲೆ ಇಳಿಸಲು ಆಗಲಿಲ್ಲವೋ? ಇವೆರಡೂ ಬೇರೆ ಬೇರೆ. ಎರಡನೆಯ ತೊಂದರೆಗೆ ಕಾನೂನಿನಲ್ಲೇ ಪರಿಹಾರ ಇದೆ.

ಇದು ದಯೆಯಲ್ಲ, ಹಕ್ಕು

1995ರ ಅಂಗವಿಕಲರ ಕಾಯ್ದೆ 7 ಬಗೆಯ ಅಂಗವಿಕಲತೆಯನ್ನು ಗುರುತಿಸಿತ್ತು. ಅದರ ಜಾಗಕ್ಕೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ 21 ಬಗೆಗಳಿವೆ. ಓದು-ಬರಹ-ಲೆಕ್ಕದಲ್ಲಿ ಮಾತ್ರ ಹಿಂದೆ ಬೀಳುವ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ನಾವು "ದಡ್ಡ" ಎಂದು ಬೈಯುವ ಎಷ್ಟೋ ಮಕ್ಕಳಿಗೆ ಇದೇ ತೊಂದರೆ ಇರಬಹುದು.

ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಇಲ್ಲವೇ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಪರೀಕ್ಷೆಗೆ ಸಂಬಂಧಿಸಿ ಕಾಯ್ದೆಯ 17ನೇ ಕಲಮು ಮೂರು ಅನುಕೂಲಗಳನ್ನು ಹೆಸರಿಸಿಯೇ ಹೇಳುತ್ತದೆ: ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ.

"ಹಂಗಾರ ಉಳಿದ ಹುಡುಗರಿಗೆ ಅನ್ಯಾಯ ಆಗೂದಿಲ್ಲೇನ್ರಿ?" ಎಂದು ಯಾರಾದರೂ ಕೇಳಬಹುದು. ಅಜ್ಜಿ ಚಾಳೀಸು ಹಾಕಿಕೊಂಡು ಜೋಳ ಹಸನು ಮಾಡುತ್ತಾಳೆ. ಹಸನು ಮಾಡಿದ್ದು ಅಜ್ಜಿಯೋ, ಚಾಳೀಸೋ? ಪರೀಕ್ಷೆಯ ಸಹಾಯವೂ ಹಾಗೆಯೇ. ಉತ್ತರ ಮಗುವಿನದು. ಸಹಾಯಕ ಮಗು ಹೇಳಿದ್ದನ್ನು ಮಾತ್ರ ಬರೆಯಬೇಕು, ತಾನಾಗಿ ಒಂದು ಮಾತೂ ಸೇರಿಸುವಂತಿಲ್ಲ.

ಮೊದಲು ತರಗತಿಯಲ್ಲಿ

ಪರೀಕ್ಷೆಯ ದಿನ ಒಮ್ಮೆಲೇ ಸಹಾಯ ಕೊಟ್ಟರೆ ಸಾಲದು. ವರ್ಷವಿಡೀ ತರಗತಿಯಲ್ಲಿ ಹೀಗೆ ಮಾಡಲು ಮಾಸ್ತರರನ್ನು ಕೇಳಿರಿ. ಹೆಚ್ಚಿನದಕ್ಕೆ ಖರ್ಚೇ ಇಲ್ಲ.

● ಕಣ್ಣು ಮಂದ ಇದ್ದರೆ: ಮುಂದಿನ ಸಾಲಿನಲ್ಲಿ, ಬೆಳಕು ಇರುವ ಕಡೆ ಕೂರಿಸುವುದು. ಹಲಗೆಯ ಮೇಲೆ ಬರೆದದ್ದನ್ನು ಬಾಯಿಂದಲೂ ಹೇಳುವುದು. ದೊಡ್ಡ ಅಕ್ಷರದ ಪುಸ್ತಕ ಕೊಡುವುದು. ಪೂರಾ ಕಾಣದಿದ್ದರೆ ಬ್ರೈಲ್ ಕಲಿಸುವುದು.

● ಕಿವಿ ಕೇಳದಿದ್ದರೆ: ಮಾಸ್ತರರ ಮುಖ, ತುಟಿ ಕಾಣುವಂತೆ ಕೂರಿಸುವುದು. ಹಲಗೆಯ ಕಡೆ ತಿರುಗಿ ಮಾತಾಡದೆ ಮಗುವಿನ ಕಡೆ ನೋಡಿ ಮಾತಾಡುವುದು.

● ಕೈಕಾಲಿನ ತೊಂದರೆ ಇದ್ದರೆ: ತರಗತಿಯನ್ನು ನೆಲಮಹಡಿಯಲ್ಲೇ ಇಡುವುದು. ಇಳಿಜಾರು ದಾರಿ ಮತ್ತು ಬಳಸಲು ಬರುವ ಶೌಚಾಲಯ ಇರಬೇಕು. ಶೌಚಾಲಯಕ್ಕೆ ಹೋಗಲು ಆಗದೆ ಸಾಲಿ ಬಿಡುವ ಹೆಣ್ಣುಮಕ್ಕಳ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

● ಓದಲು ಒದ್ದಾಡಿದರೆ: ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದು. ಪಾಠವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹೇಳಿ, ಬಾಯಿಮಾತಿನಲ್ಲಿ ಉತ್ತರ ಕೇಳಬೇಕು.

ನಮ್ಮ ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರಿಗೆ ವಿದ್ಯೆ ಕಲಿಸಿದರು. ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಗೌರವ ಪಡೆದರು. ಕಲಿಸುವ ಬಗೆ ಬದಲಾದರೆ ಕಲಿಕೆ ನಿಲ್ಲುವುದಿಲ್ಲ.

ಪರೀಕ್ಷೆಯಲ್ಲಿ

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಎಂದಿತು. ಅಂದರೆ ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚು.

ಶೇಕಡಾ 40ಕ್ಕಿಂತ ಕಡಿಮೆ ಇರುವವರ ಗತಿ ಏನು? ವಿಕಾಸ್ ಕುಮಾರ್ ಎಂಬುವರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ಕೇಂದ್ರ ಲೋಕಸೇವಾ ಆಯೋಗ ಅವರಿಗೆ ಸಹಾಯಕನನ್ನು ಕೊಡಲು ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಶೇಕಡಾ 40 ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಸಹಾಯಕನನ್ನು ನಿರಾಕರಿಸಬಾರದು ಎಂದು 2021ರ ಫೆಬ್ರವರಿಯಲ್ಲಿ ಕೋರ್ಟು ತೀರ್ಪು ಕೊಟ್ಟಿತು.

ಸಹಾಯಕ ಯಾವ ತರಗತಿಯವನಿರಬೇಕು, ಯಾರು ನೇಮಿಸಬೇಕು ಎಂಬ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ ಇರುತ್ತದೆ, ಬದಲೂ ಆಗುತ್ತದೆ. ಮುಖ್ಯ ಗುರುಗಳಲ್ಲಿ ಆ ವರ್ಷದ ಸುತ್ತೋಲೆ ಕೇಳಿರಿ. ಭಾಷೆಯ ವಿನಾಯಿತಿ ಬೇಕೋ ಬೇಡವೋ ಎಂಬುದನ್ನು ಮಗುವನ್ನೂ ಕೇಳಿಯೇ ತೀರ್ಮಾನಿಸಿರಿ.

ಏನು ಮಾಡಬೇಕು?

1. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಎಂಬ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಇರುತ್ತಾರೆ. ಅವರನ್ನು ಕಂಡು ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿಸಿರಿ.

2. ಕರೆ ಬಂದ ದಿನ ಮಗುವನ್ನು ಆಸ್ಪತ್ರೆಯ ತಪಾಸಣೆಗೆ ಕರೆದೊಯ್ಯಿರಿ. ಕೂಲಿ ತಪ್ಪುತ್ತದೆ ಎಂದು ಮುಂದೂಡಬೇಡಿರಿ.

3. ಪ್ರಮಾಣಪತ್ರದ ನಕಲು ಇಟ್ಟು ಮುಖ್ಯ ಗುರುಗಳಿಗೆ ಬರಹದಲ್ಲೇ ಅರ್ಜಿ ಕೊಡಿರಿ. ಇನ್ನೊಂದು ಪ್ರತಿಗೆ ಸಹಿ, ತಾರೀಕು ಹಾಕಿಸಿಕೊಳ್ಳಿರಿ.

4. ಬಿ.ಇ.ಒ. ಕಚೇರಿಯ ವ್ಯಾಪ್ತಿಯಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿದ್ದಾರೆ. ನಮ್ಮ ಸಾಲಿಗೆ ಅವರನ್ನು ಕಳಿಸಿರಿ ಎಂದು ಕೇಳಿರಿ.

5. ಈ ಕೆಲಸ ಎಂಟನೇ ತರಗತಿಯಲ್ಲೇ ಶುರುವಾಗಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಕಾಗದ ಕೈಯಲ್ಲಿರಬೇಕು. ಪರೀಕ್ಷೆಯ ಹಿಂದಿನ ವಾರ ಓಡಾಡಿದರೆ ಕೈಗೆ ಸಿಗುವುದಿಲ್ಲ.

6. ಹೇಳಿ ಬರೆಸುವುದೂ ಒಂದು ಅಭ್ಯಾಸ. "ಇಲ್ಲಿ ಚುಕ್ಕಿ ಹಾಕು, ಹೊಸ ಸಾಲು ಹಿಡಿ" ಎಂದು ಹೇಳಲು ಮಗು ಕಲಿಯಬೇಕು. ಶಾಲೆಯ ಕಿರುಪರೀಕ್ಷೆಗಳಲ್ಲೇ ಇದನ್ನು ಮಾಡಿಸಿರಿ.

ಒಬ್ಬ ತಾಯಿ ಒಂಟಿಯಾಗಿ ಕಚೇರಿಗೆ ಹೋದರೆ "ನಾಳಿ ಬಾರವ್ವಾ" ಎನ್ನುತ್ತಾರೆ. ಸಂಘದ ಐದು ಜನ ಕೂಡಿ ಹೋದರೆ ಕೂರಿಸಿ ಮಾತಾಡುತ್ತಾರೆ. ಬ್ಯಾಂಕಿನಲ್ಲಿ ನಾವು ಕಂಡ ಮಾತೇ ಇದು.

ಚರ್ಚೆಗೆ ಪ್ರಶ್ನೆಗಳು

● ನಮ್ಮ ಓಣಿಯಲ್ಲಿ ಇಂಥ ಎಷ್ಟು ಮಕ್ಕಳಿದ್ದಾರೆ? ಅವರಲ್ಲಿ ಯಾರು ಸಾಲಿ ಬಿಟ್ಟಿದ್ದಾರೆ, ಏಕೆ?
● ಯಾರ ಬಳಿ ಯು.ಡಿ.ಐ.ಡಿ. ಕಾರ್ಡ್ ಇಲ್ಲ?
● ಮುಂದಿನ ಸಭೆಯೊಳಗೆ ಯಾವ ಮನೆಗೆ, ಯಾರು ಯಾರು ಹೋಗುತ್ತೀರಿ? ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.