ಆತ್ಮಹತ್ಯಾ ನಿವಾರಣೆಯಲ್ಲಿ ದ್ವಾರಪಾಲಕರು

ಮೂಳೆ ಮುರಿದವನಿಗೆ ಪಟ್ಟಿ ಕಟ್ಟುವುದನ್ನು ಸ್ಕೌಟು ಬಾಲಕನೂ ಕಲಿತಿರುತ್ತಾನೆ. ಅದಕ್ಕಾಗಿ ಅವನು ವೈದ್ಯಶಾಸ್ತ್ರವನ್ನು ಓದಬೇಕಾಗಿಲ್ಲ. ವೈದ್ಯನ ಬಳಿ ತಲಪುವವರೆಗೆ ಹಾನಿ ಹೆಚ್ಚದಂತೆ ನೋಡಿಕೊಂಡರೆ ಅವನ ಕಾರ್ಯ ಮುಗಿಯಿತು. ಬದುಕೇ ಬೇಡವೆನ್ನಿಸಿದ ಮನಸ್ಸಿಗೂ ಇಂಥ ಪ್ರಥಮ ಚಿಕಿತ್ಸೆ ಉಂಟೆ? ಉಂಟು. ಅದನ್ನು ಸಾಮಾನ್ಯ ಜನರಿಗೆ ಕಲಿಸುವ ಕ್ರಮವೂ ಉಂಟು.

2022ರಲ್ಲಿ ನಮ್ಮ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಎಂದರೆ ಲಕ್ಷ ಜನರಿಗೆ 12.4. ಅದೇ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ದೊರೆಯದ ಸ್ಥಿತಿ ನಮ್ಮದು. ಹೀಗಿರಲು, ಸಂಕಟದಲ್ಲಿರುವವನನ್ನು ಮೊದಲು ಕಾಣುವವರು ವೈದ್ಯರಲ್ಲ, ನಾವು ನೀವು. ನಮ್ಮ ಮಹಾಲಕ್ಷ್ಮಿ ಲೇಔಟನ್ನೇ ತೆಗೆದುಕೊಳ್ಳಿ. ಪರವೂರಿನಿಂದ ಬಂದು ಪಿ.ಜಿ.ಯಲ್ಲಿ ಕೊಠಡಿ ಹಿಡಿದ ವಿದ್ಯಾರ್ಥಿಯು ಎರಡು ದಿನಗಳಿಂದ ಊಟಕ್ಕೆ ಇಳಿದು ಬಂದಿಲ್ಲವೆಂಬುದು ಅಡುಗೆಯವರಿಗೆ ತಿಳಿಯುವಷ್ಟು ಬೇಗ ತಂದೆತಾಯಿಗಳಿಗೆ ತಿಳಿಯದು. ಆಂಜನೇಯನ ಗುಡ್ಡದ ಬಳಿ ಪ್ರತಿಸಂಜೆ ಹರಟುವ ವೃದ್ಧರಲ್ಲಿ ಒಬ್ಬರು ಪತ್ನಿವಿಯೋಗದ ಬಳಿಕ ಮಾತು ನಿಲ್ಲಿಸಿದರೆ ಅದು ಜೊತೆಯವರ ಕಣ್ಣಿಗೇ ಮೊದಲು ಬೀಳತಕ್ಕದ್ದು. ಇಂಥ ಜನರಿಗೆ ಈ ಶಾಸ್ತ್ರದಲ್ಲಿ ‘ಗೇಟ್‌ಕೀಪರ್’ ಎಂದು ಹೆಸರು, ನಾವು ದ್ವಾರಪಾಲಕರೆನ್ನೋಣ. ದೇವಾಲಯದ ದ್ವಾರಪಾಲಕರು ಕಲ್ಲಾಗಿ ನಿಂತಿದ್ದರೂ ನಡೆಯುತ್ತದೆ. ಇವರು ಮಾತನಾಡಲೇಬೇಕು.

ವೈದ್ಯರಲ್ಲದವರಿಗೆ ಮನೋರೋಗದ ವಿಷಯ ಕಲಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ನಗರದ ಹೊರಗಿನ ಸಕಲವಾರದಲ್ಲಿ ಕೇಂದ್ರವನ್ನು ತೆರೆದು, ಗ್ರಾಮಗಳ ಆರೋಗ್ಯ ಕಾರ್ಯಕರ್ತರಿಗೆ ರೋಗಿಗಳನ್ನು ಗುರುತಿಸುವ ಬಗೆಯನ್ನು ಕಲಿಸಿತು. 1980ರ ದಶಕದಲ್ಲಿ ಇದೇ ಕ್ರಮವನ್ನು ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. 1996ರಲ್ಲಿ ಆರಂಭವಾದ ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ದ್ವಾರಪಾಲಕ ತರಬೇತಿಯನ್ನೂ ನಿಮ್ಹಾನ್ಸ್ ನಡೆಸುತ್ತ ಬಂದಿದೆ.

ತರಬೇತಿಯಲ್ಲಿ ಕಲಿಯತಕ್ಕದ್ದು ಹೆಚ್ಚೇನೂ ಇಲ್ಲ, ಆದರೆ ಕಲಿತದ್ದನ್ನು ಆಡಿ ತೋರಿಸುವುದು ಕಷ್ಟ. ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ‘ನಾನೊಬ್ಬ ಎಲ್ಲರಿಗೂ ಹೊರೆ’ ಎಂಬ ಮಾತು, ನಿದ್ರೆ ಕೆಡುವುದು, ಗೆಳೆಯರಿಂದ ದೂರ ಸರಿಯುವುದು ಮುಂತಾದವು ಎಚ್ಚರಿಕೆಯ ಲಕ್ಷಣಗಳು. ಒಂದೊಂದೇ ಲಕ್ಷಣದಿಂದ ಏನನ್ನೂ ನಿಶ್ಚಯಿಸಲಾಗದು. ಆದುದರಿಂದ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಯೋಚನೆ ಬರ್ತಿದೆಯೇನೋ?’ ಬಹುಮಂದಿ ಕೇಳುವುದು ಹೀಗಲ್ಲ. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?’ ಎನ್ನುತ್ತಾರೆ. ಈ ಪ್ರಶ್ನೆಯೊಳಗೇ ‘ಇಲ್ಲ’ ಎಂಬ ಉತ್ತರ ಅಡಗಿದೆ. ಕೇಳಿಸಿಕೊಂಡವನು ಅದನ್ನೇ ಒಪ್ಪಿಸಿ ಬಾಯಿ ಮುಚ್ಚುತ್ತಾನೆ.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ಶಂಕೆ ಸಹಜ. ಬಿಸಿನೀರಿಗೆ ಅದ್ದಿದ ಉಷ್ಣಮಾಪಕವು ತಾನೂ ಸ್ವಲ್ಪ ಶಾಖವನ್ನು ಹೀರಿ ಆ ನೀರಿನ ತಾಪವನ್ನೇ ಬದಲಿಸುವಂತೆ, ನಮ್ಮ ಪ್ರಶ್ನೆಯೇ ಇಲ್ಲದ ಯೋಚನೆಯನ್ನು ಮನಸ್ಸಿನಲ್ಲಿ ಬಿತ್ತುವುದಿಲ್ಲವೆ? ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಕುರಿತಾದ ಪ್ರಶ್ನೆಗಳನ್ನು ಕೊಟ್ಟರು. ಎರಡು ದಿನಗಳ ಬಳಿಕ ಎರಡೂ ಗುಂಪುಗಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರಶ್ನೆ ಕೇಳಿಸಿಕೊಂಡವರಲ್ಲಿ ಕ್ಲೇಶವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನರಾಗಿದ್ದವರ ಕ್ಲೇಶ, ಕೇಳಿಸಿಕೊಳ್ಳದ ಖಿನ್ನರದಕ್ಕಿಂತ ಕಡಿಮೆಯೇ ಇತ್ತು. ಉಷ್ಣಮಾಪಕದ ಹೋಲಿಕೆಯು ಇಲ್ಲಿ ಸಲ್ಲದು.

ಕೇಳಿದ ಬಳಿಕ ಸುಮ್ಮನಿದ್ದು ಆಲಿಸಬೇಕು. ಉಪದೇಶ ಬೇಡ. ‘ನಿನಗಿಂತ ಕಷ್ಟದಲ್ಲಿರುವವರಿಲ್ಲವೆ’ ಎಂಬ ಸಾಂತ್ವನ ನಮ್ಮವರ ನಾಲಗೆಯ ತುದಿಯಲ್ಲೇ ಇರುತ್ತದೆ; ಅದರಿಂದ ಕೇಳುವವನಿಗೆ ನಾಚಿಕೆ ಹೆಚ್ಚುವುದೇ ಹೊರತು ನೋವು ಇಳಿಯದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನಂತೂ ಕೊಡಲೇಕೂಡದು, ಏಕೆಂದರೆ ಮುಂದಿನ ಹೆಜ್ಜೆ ಬಲ್ಲವರಿಗೆ ಒಪ್ಪಿಸುವುದೇ ಆಗಿದೆ. ಅಪಾಯವು ಸಮೀಪವಿದ್ದಂತೆ ತೋರಿದರೆ ಅವನನ್ನು ಒಂಟಿಯಾಗಿ ಬಿಡದೆ, ಹಾನಿಕರವಾದ ವಸ್ತುಗಳನ್ನು ದೂರವಿರಿಸಬೇಕು. ಆವೇಗದ ತೀವ್ರತೆ ಬಹುಮಂದಿಯಲ್ಲಿ ಅಲ್ಪಕಾಲದ್ದು. ಆ ಹೊತ್ತು ಕಳೆಯಿತೆಂದರೆ ಚಿಕಿತ್ಸೆಗೆ ಅವಕಾಶ ದೊರೆಯುತ್ತದೆ.

ಇಷ್ಟರಿಂದ ಮರಣಗಳು ತಗ್ಗುವುವೆ? ಉತ್ತರ ಅಷ್ಟು ಸರಳವಾಗಿಲ್ಲ. ಯೂರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಶಿಕ್ಷಕರಿಗೆ ಮಾತ್ರ ದ್ವಾರಪಾಲಕ ತರಬೇತಿ ಕೊಟ್ಟಲ್ಲಿ ಗಣನೀಯವಾದ ಪರಿಣಾಮವೇನೂ ಕಾಣಲಿಲ್ಲ. ವಿದ್ಯಾರ್ಥಿಗಳಿಗೇ ಮನಸ್ಸಿನ ಆರೋಗ್ಯವನ್ನು ಕುರಿತು ಚರ್ಚೆ, ಪಾತ್ರಾಭಿನಯಗಳ ಮೂಲಕ ಕಲಿಸಿದಲ್ಲಿ, ಒಂದು ವರ್ಷದ ಬಳಿಕ, ಆತ್ಮಹತ್ಯಾ ಪ್ರಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದುವು. ನಮ್ಮ ಕಾಲೇಜುಗಳು ಅಧ್ಯಾಪಕರಿಗೊಂದು ದಿನದ ಶಿಬಿರ ನಡೆಸಿ ಕೈತೊಳೆದುಕೊಳ್ಳುವುದನ್ನು ಕಂಡಾಗ ಈ ಅಂಕಿಗಳು ನನಗೆ ನೆನಪಾಗುತ್ತವೆ. ಪಕ್ಕದ ಬೆಂಚಿನವನಿಗೆ ತಿಳಿಯುವುದು ಅಧ್ಯಾಪಕನಿಗೆ ತಿಳಿಯದು.

ಒಪ್ಪಿಸುವುದು ಯಾರಿಗೆ? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತದೆ. ಅಪಾಯ ಕಣ್ಣೆದುರಿಗೇ ಇದ್ದರೆ 112. ಪೋಲೀಸರ ಭಯದಿಂದ ಹಿಂಜರಿಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಶುಶ್ರೂಷಾ ಅಧಿನಿಯಮದ 115ನೆಯ ಪ್ರಕರಣವು, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ, ಅವನಿಗೆ ಶುಶ್ರೂಷೆ ಒದಗಿಸುವ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿದೆ. ಕರೆಮಾಡುವಾಗ ಗೆಳೆಯನಿಗೆ ಸಂಕೋಚವಾದರೆ ನೀವೇ ಪಕ್ಕದಲ್ಲಿ ಕುಳಿತು ಮೊದಲ ಮಾತನ್ನು ಆಡಿ, ಆಮೇಲೆ ಫೋನನ್ನು ಅವನ ಕೈಗೆ ಕೊಡಬಹುದು.