ಚಪ್ಪಲಿ ಬಿಚ್ಚಿ ಅಂತ ಯಾರೂ ಕೇಳಲಿಲ್ಲ

ಸಕ್ಕರೆ ಕಾಯಿಲೆ ಅಂತ ಗೊತ್ತಾದ ಕೂಡಲೇ ವಾಕಿಂಗ್ ಮಾಡಿ ಎನ್ನದವರೇ ಇಲ್ಲ. ಡಾಕ್ಟರು ಹೇಳುತ್ತಾರೆ, ಬೀಗರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೂ ಹೇಳುತ್ತಾರೆ. ನಮ್ಮ ಮನೆಯವರಿಗೂ ಹೇಳಿದರು, ಅವರು ನಡೆದರು. ಆದರೆ ವರ್ಷಗಟ್ಟಲೆ ಅವರ ರಕ್ತ ಪರೀಕ್ಷೆ ಮಾಡಿ ಚೀಟಿ ಬರೆದುಕೊಟ್ಟವರಲ್ಲಿ ಒಬ್ಬರಾದರೂ ‘ಚಪ್ಪಲಿ ಬಿಚ್ಚಿ, ಪಾದ ತೋರಿಸಿ’ ಅಂದಿದ್ದರೆ ಇವತ್ತು ಅವರ ಎಡಗಾಲಿನಲ್ಲಿ ಐದು ಬೆರಳೂ ಇರುತ್ತಿದ್ದವು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಮಗಾದದ್ದು ಇನ್ನೊಂದು ಮನೆಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಡೆದದ್ದರಿಂದ ಅವರಿಗೆ ಒಳ್ಳೆಯದೇ ಆಗಿತ್ತು. ಸಾಸ್ವೆಹಳ್ಳಿಯಲ್ಲಿ ನಮ್ಮದು ಒಂದಿಷ್ಟು ಗದ್ದೆ, ಒಂದಿಷ್ಟು ಅಡಿಕೆ. ಬೆಳಿಗ್ಗೆ ಎದ್ದವರೇ ಭದ್ರಾ ನಾಲೆಯ ಏರಿ ಮೇಲೆ ನಡೆದು ಬರುತ್ತಿದ್ದರು. ಹೊಟ್ಟೆ ಕರಗಿತ್ತು, ನಿದ್ದೆ ಹತ್ತುತ್ತಿತ್ತು, ಸಕ್ಕರೆ ಹತೋಟಿಗೆ ಬಂದಿತ್ತು. ಆಗಾಗ ‘ಕಾಲು ಜೋಮು ಹಿಡಿದ ಹಾಗಿದೆ ಕಣೆ, ಹತ್ತಿ ಮೇಲೆ ನಡೆದ ಹಾಗಾಗುತ್ತೆ’ ಅನ್ನುತ್ತಿದ್ದರು. ಅದನ್ನು ತಪಾಸಣೆಗೆ ಹೋದಾಗ ಹೇಳಿದೆವು ಕೂಡ. ವಯಸ್ಸಾಯಿತಲ್ಲ ಎಂಬ ಉತ್ತರ ಬಂತು, ಒಂದು ವಿಟಮಿನ್ ಮಾತ್ರೆ ಬಂತು.

ಅವರು ಹಾಕುತ್ತಿದ್ದದ್ದು ಹವಾಯಿ ಚಪ್ಪಲಿ. ಎಷ್ಟೋ ಸಲ ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದಾರೆ. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದದ್ದು ಅವರಿಗೆ ತಿಳಿದಿರುತ್ತಿರಲಿಲ್ಲ. ಕಾಲಿನ ನರ ಸತ್ತಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತಿಲ್ಲ ಅಂತ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಮನೆಯಲ್ಲಿ ಮಾತ್ರ ಅದನ್ನು ಮರೆವು ಅಂತ ಎಲ್ಲರೂ ಸುಮ್ಮನಾಗಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ. ಹಿತ್ತಲಲ್ಲಿ ಕಾಲು ತೊಳೆದು ಒಳಗೆ ಬಂದರು. ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು. ಬಲಗಾಲಿನದು ಬರೀ ನೀರು. ಎಡಗಾಲಿನ ಹೆಜ್ಜೆಯ ಮುಂಭಾಗದಲ್ಲಿ ಕೀವಿನ ಬಣ್ಣದ ಕಲೆ. ಕೂರಿಸಿ ಕಾಲೆತ್ತಿ ನೋಡಿದೆ. ಎರಡನೇ ಬೆರಳಿನ ಬುಡದಲ್ಲಿ ಚಿಕ್ಕ ತೂತು, ಸುತ್ತ ಬಿಳುಚಿಕೊಂಡ ಚರ್ಮ. ಒತ್ತಿದರೆ ಕೀವು. ‘ನೋಯುತ್ತಾ?’ ಅಂದೆ. ‘ಏನೂ ಇಲ್ವಲ್ಲ’ ಅಂದರು. ಚಪ್ಪಲಿ ತಿರುಗಿಸಿ ನೋಡಿದರೆ ಅಟ್ಟೆಯಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು. ಅದೇ ಚಪ್ಪಲಿಯಲ್ಲಿ, ಅದೇ ಮುಳ್ಳಿನ ಮೇಲೆ, ಅವರು ನಾಲೆ ಏರಿ ಸುತ್ತಿ ಬಂದಿದ್ದರು. ಅದೂ ಒಂದೇ ಬೆಳಗಿನ ಮಾತಲ್ಲ.

ಆಸ್ಪತ್ರೆಗೆ ಹೋಗೋಣ ಅಂತ ನಾನು ಸೀರೆ ಬದಲಿಸಿ ನಿಂತೆ. ತಡೆದದ್ದು ನನ್ನ ಮೈದುನ. ‘ಮುಳ್ಳು ಚುಚ್ಚಿದ್ದಕ್ಕೆಲ್ಲ ಶಿವಮೊಗ್ಗಕ್ಕೆ ಹೋಗ್ತಾರಾ ಅತ್ತಿಗೆ? ಅಣ್ಣಂಗೆ ನೋವೇ ಇಲ್ಲ ಅಂತಾನಲ್ಲ’ ಅಂದ. ನೋವೇ ಇಲ್ಲ ಎಂಬ ಆ ಮಾತಿಗೆ ಮನೆಯವರೆಲ್ಲ ತಲೆಯಾಡಿಸಿದರು. ಊರಲ್ಲೇ ಇಂಜೆಕ್ಷನ್ ಕೊಡುವವರೊಬ್ಬರು ಮೇಲಿಂದಲೇ ಬ್ಯಾಂಡೇಜು ಸುತ್ತಿ ಕಳಿಸಿದರು. ಮುಳ್ಳಿನ ತುದಿ ಒಳಗಿದೆಯೋ ಹೊರಗಿದೆಯೋ ಅವರು ನೋಡಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಬೆರಳು ಉಳಿಯುತ್ತಿತ್ತೇನೋ. ಮಾರನೇ ಸಂಜೆ ನಾನು ತೋಟದಿಂದ ಬರುವಷ್ಟರಲ್ಲಿ ಜಗಲಿಯ ಮೇಲೆ ಇವರು ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮೈದುನ ಹಂಡೆಯಿಂದ ನೀರು ತೋಡಿ, ಕಲ್ಲುಪ್ಪು ಹಾಕಿ, ಕೀವು ಎಳೆಯಲಿ ಅಂತ ಕಾಲಿಡಿಸಿದ್ದ. ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ‘ಬಿಸಿ ಇಲ್ವಾ?’ ಅಂದೆ. ‘ಹಿತವಾಗಿದೆ’ ಅಂದರು. ನಾನು ನೀರಿಗೆ ಕೈ ಅದ್ದಿದೆ. ಅದ್ದಿದ ಕೈಯನ್ನು ಅದೇ ಕ್ಷಣ ಹೊರಗೆಳೆದುಕೊಂಡೆ. ಕೂಗಿಕೊಂಡೇ ಬಕೆಟ್ಟು ಒದ್ದು ಉರುಳಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಏನಾಯಿತು ಅಂತ ಅವರಿಗೆ ಗೊತ್ತಾಗಲಿಲ್ಲ. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಪಾದದ ಮೇಲೆಲ್ಲ ಬೊಬ್ಬೆ ಎದ್ದಿತ್ತು. ನಡುರಾತ್ರಿ ನಡುಕ, ಜ್ವರ. ಕಾಲು ಮೀನಖಂಡದವರೆಗೆ ಊದಿ ಕೆಂಪಗಾಗಿತ್ತು.

ಹೊನ್ನಾಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದರೂ, ಜೀವಕ್ಕೆ ಬಂದಾಗ ನಮ್ಮ ಕಡೆಯವರು ಓಡುವುದು ಶಿವಮೊಗ್ಗಕ್ಕೇ. ನಾವೂ ಓಡಿದೆವು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಅಲ್ಲಿ ಆ ರಾತ್ರಿ ಇದ್ದ ಡಾಕ್ಟರು ಬ್ಯಾಂಡೇಜು ಬಿಚ್ಚಿ, ವಾಸನೆ ನೋಡಿ, ‘ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತೆ, ಸಹಿ ಮಾಡಿ’ ಅಂದು ಕಾಗದ ಮುಂದಿಟ್ಟರು. ಸ್ಟ್ರೆಚರಿನ ಮೇಲೆ ಇವರು ಕಣ್ಣು ಬಿಟ್ಟುಕೊಂಡೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಆದರೆ ಮಾತಾಡಲಿಲ್ಲ, ನನ್ನ ಸೆರಗಿನ ತುದಿ ಹಿಡಿದುಕೊಂಡರು. ಮೈದುನ ಪೆನ್ನು ತಂದು ಕೈಗೆ ಕೊಟ್ಟ. ‘ಜೀವ ಉಳಿದರೆ ಸಾಕು, ಹಾಕಿಬಿಡಿ ಅತ್ತಿಗೆ.’ ಕುದಿಯುವ ನೀರು ಹೊಯ್ದ ಕೈಯೇ ಈಗ ಪೆನ್ನು ಕೊಡುತ್ತಿತ್ತು. ನನ್ನ ಕೈ ನಡುಗುತ್ತಿತ್ತು. ಕಾಗದದ ಮೇಲಿನ ಅಕ್ಷರ ಕಾಣಿಸುತ್ತಿರಲಿಲ್ಲ. ಒಂದು ಕಾಲಿನ ಮೇಲೆ ಗದ್ದೆಯ ಬದು ಹತ್ತುವುದು ಹೇಗೆ, ತೋಟಕ್ಕೆ ಹೋಗುವುದು ಹೇಗೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಂಗಳೂರಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳಿಗೆ ಫೋನ್ ಹಚ್ಚಿದೆ. ಅಳುತ್ತಲೇ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: ‘ದೊಡ್ಡಮ್ಮ, ಪಾದದ ಮೇಲೆ ನಾಡಿ ಸಿಗುತ್ತಾ? ರಕ್ತ ಓಡ್ತಾ ಇದೆಯಾ ನೋಡಿದ್ರಾ? ಅದನ್ನ ಕೇಳದೆ ಸಹಿ ಹಾಕಬೇಡ.’ ನಾನು ಅದನ್ನೇ ಕೇಳಿದೆ. ಆ ಡಾಕ್ಟರಿಗೆ ಸಿಟ್ಟು ಬಂತು. ತಡ ಮಾಡಿದರೆ ನಾನು ಜವಾಬ್ದಾರನಲ್ಲ ಅಂದರು. ಮೈದುನ ನನ್ನನ್ನು ಹಟಮಾರಿ ಅಂದ. ನಾಡಿ ನೋಡಿ ಹೇಳಿ, ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅಂತ ಅಲ್ಲೇ ನಿಂತೆ. ಕೊನೆಗೆ ಹಿರಿಯ ಸರ್ಜನ್ ಬಂದರು. ಪೆನ್ನಿನಂಥ ಒಂದು ಯಂತ್ರ ಪಾದದ ಮೇಲಿಟ್ಟರು. ಅದರಿಂದ ರಕ್ತ ಹರಿಯುವ ಸದ್ದು ನನಗೂ ಕೇಳಿಸಿತು. ಡಾಪ್ಲರ್ ಅಂತಾರಂತೆ ಅದಕ್ಕೆ. ‘ಹರಿವು ಚೆನ್ನಾಗಿದೆ. ಮೊದಲು ಪಾದ ಕೊಯ್ದು ಕೀವು ತೆಗೆಯೋಣ’ ಅಂದರು. ಆ ಕಾಗದ ಬದಲಾಯಿತು, ಅದಕ್ಕೆ ಸಹಿ ಹಾಕಿದೆ. ಒಳಗೆ ಮುಳ್ಳಿನ ತುದಿ ಸಿಕ್ಕಿತು. ಎರಡನೇ ಬೆರಳು ಹೋಯಿತು. ಕಾಲು ಉಳಿಯಿತು.

ಓದುವವರಿಗೆ ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ರಕ್ತ ಹರಿಯದ ಕಾಲಾಗಿದ್ದರೆ, ನಂಜು ಮೈಗೆಲ್ಲ ಏರಿದ್ದರೆ, ಕತ್ತರಿಸುವುದೇ ಸರಿ. ಆಗ ಹಟ ಹಿಡಿದು ತಡ ಮಾಡಿದರೆ ಜೀವವೇ ಹೋಗುತ್ತದೆ. ಸಹಿ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ರಕ್ತದ ಹರಿವು ನೋಡಿದ್ದೀರಾ ಅಂತ ಕೇಳಿ. ಅದನ್ನು ಕೇಳುವ ಹಕ್ಕು ರೋಗಿಯ ಮನೆಯವರಿಗಿದೆ.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಷ್ಟು ಕಾಲ ಆ ಕಾಲಿನ ಮೇಲೆ ಭಾರ ಬಿಡುವಂತಿರಲಿಲ್ಲ. ದಿನಾ ನಡೆದು ರೂಢಿಯಾದವರನ್ನು ಕೂರಿಸುವುದು ಸುಲಭವಲ್ಲ. ನೋವಿಲ್ಲದ್ದರಿಂದ ಎದ್ದು ಓಡಾಡಿಬಿಡುತ್ತಿದ್ದರು, ನಾನು ಕಾವಲು ಕೂರುತ್ತಿದ್ದೆ. ನೋವಿದ್ದವರು ಕುಂಟುತ್ತಾರೆ, ಕುಂಟಿದರೆ ಗಾಯಕ್ಕೆ ವಿಶ್ರಾಂತಿ ಸಿಗುತ್ತದೆ. ಇವರು ನೆಟ್ಟಗೆ ನಡೆದು ಪ್ರತಿ ಹೆಜ್ಜೆಗೂ ಗಾಯವನ್ನು ಜಜ್ಜುತ್ತಿದ್ದರು. ಇದನ್ನು ಮೊದಲು ಅರಿತವರಲ್ಲಿ ವೆಲ್ಲೂರಿನ ಡಾ. ಪಾಲ್ ಬ್ರಾಂಡ್ ಒಬ್ಬರು ಅಂತ ತಂಗಿಯ ಮಗಳು ಹೇಳಿದಳು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಅವರು, ಕುಷ್ಠ ರೋಗಿಗಳ ಕೈಕಾಲು ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ್ದರಿಂದ ಪೆಟ್ಟಾಗಿ, ಸುಟ್ಟು, ಸವೆದು ಹಾಳಾಗುತ್ತವೆ ಎಂದು ತೋರಿಸಿಕೊಟ್ಟರು. ಆ ರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯನ್ನೇ ಈಗ ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತಾರೆ. ಇವರು ಮೊದಲು ಅದನ್ನು ಹಾಕಲು ಒಪ್ಪಲಿಲ್ಲ, ನೋಡಿದವರು ಏನೆಂದುಕೊಂಡಾರು ಅಂತ. ನೋಡಿದವರು ಏನೂ ಅಂದುಕೊಳ್ಳಲಿಲ್ಲ.

ಈಗ ಮತ್ತೆ ನಡೆಯುತ್ತಾರೆ, ನನ್ನ ಜೊತೆ. ನಾಲೆ ಏರಿ ಬೇಡ ಅಂತ ಸ್ಕೂಲಿನ ಮೈದಾನ. ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಬೀದಿಯಲ್ಲಿ. ಉಂಡ ಮೇಲೆ ನಡೆದರೆ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮೀನಖಂಡ ಬಿಗಿದು ಸಡಿಲವಾದಾಗಲೆಲ್ಲ ಕೆಳಗಿಳಿದ ರಕ್ತ ಮೇಲೇರುತ್ತದೆ, ಸಂಜೆಯ ಬಾವು ಕಡಿಮೆಯಾಗುತ್ತದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯಲು ಶುರು ಮಾಡಿದ ಮೇಲೆ ನನ್ನ ಮಂಡಿ ನೋವೂ ತಗ್ಗಿದೆ. ಪಾದದಲ್ಲಿ ಗಾಯವಿದ್ದಾಗ ಮಾತ್ರ ಒಂದು ಹೆಜ್ಜೆಯೂ ಬೇಡ.

ಮನೆಯಲ್ಲೇ ನೋಡಿಕೊಳ್ಳುವ ಒಂದು ಪರೀಕ್ಷೆಯಿದೆ. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಮೆಲ್ಲಗೆ ಮುಟ್ಟಿ; ಒತ್ತಬಾರದು, ತಟ್ಟಬಾರದು. ಯಾವ ಬೆರಳು ಅಂತ ಹೇಳಲಿ. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಹೋಗಿದೆ ಅಂತಲೇ ತಿಳಿದು ಡಾಕ್ಟರಿಗೆ ತೋರಿಸಿ. ಅಂಥವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ರಾತ್ರಿ ಅಂಗಾಲು ನೋಡುವುದು, ಸಂದು ಒರೆಸುವುದು, ಉಗುರನ್ನು ನೇರವಾಗಿ ಕತ್ತರಿಸುವುದು, ಆಣಿಗೆ ಬ್ಲೇಡು, ಕಾರ್ನ್ ಕ್ಯಾಪ್, ಎಕ್ಕದ ಹಾಲು ಹಚ್ಚದಿರುವುದು, ಚಪ್ಪಲಿಯನ್ನು ಕೊಡವಿ ಹಾಕುವುದು, ಹಿಂದೆ ಪಟ್ಟಿ ಇರುವುದನ್ನೇ ಕೊಳ್ಳುವುದು. ಹೆಂಗಸರು ಊದಿದ ಕಾಲಿನ ಕಾಲುಂಗುರ ಸಡಿಲಿಸಿಕೊಳ್ಳಲಿ. ಮುತ್ತೈದೆಗೆ ಶೋಭೆಯಲ್ಲ ಅನ್ನುವವರು ಬೆರಳು ಕೊಳೆತರೆ ಡ್ರೆಸ್ಸಿಂಗ್ ಮಾಡಲು ಬರುವುದಿಲ್ಲ.

ಐ.ಸಿ.ಎಂ.ಆರ್. ನೆರವಿನ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ ಎಂಬ ಲೆಕ್ಕ ಬಂತು. ಅವರಲ್ಲಿ ಗದ್ದೆಯ ಕೆಸರಲ್ಲಿ, ಅಡಿಕೆ ಕಣದಲ್ಲಿ ಬರಿಗಾಲಲ್ಲಿ ನಿಲ್ಲುವವರು ಎಷ್ಟು ಜನವೋ. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಮಾಲಾಧಾರಿಗಳು ನಡೆದುಬರುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳದ ದಾರಿಯ ತುಂಬ ಪಾದಯಾತ್ರಿಗಳು. ಮಧ್ಯಾಹ್ನದ ಡಾಂಬರು ಮರಗಟ್ಟಿದ ಪಾದಕ್ಕೆ ಏನು ಮಾಡುತ್ತದೆ ಎಂಬುದನ್ನು ಆ ಬಕೆಟ್ಟಿನಲ್ಲಿ ನಾನು ನೋಡಿದ್ದೇನೆ.

ಮೈದುನನಿಗೂ ಈಗ ಸಕ್ಕರೆ ಕಾಯಿಲೆ ಇದೆ. ಅಣ್ಣನ ಕಾಲು ಉಳಿದರೆ ಬರಿಗಾಲಲ್ಲಿ ಧರ್ಮಸ್ಥಳಕ್ಕೆ ಬರುತ್ತೇನೆ ಅಂತ ಅವನು ಹರಕೆ ಹೊತ್ತಿದ್ದಾನೆ. ಮೊನ್ನೆ ಕೂರಿಸಿ ಕಣ್ಣು ಮುಚ್ಚಿಸಿ ಬೆರಳು ಮುಟ್ಟಿದೆ. ಎಡಗಾಲಿನ ಹೆಬ್ಬೆರಳು, ಕಿರುಬೆರಳು ಎರಡೂ ಅವನಿಗೆ ತಿಳಿಯಲಿಲ್ಲ. ಅಣ್ಣ ಎದ್ದು ಹೋಗಿ ತಮ್ಮ ಎಂ.ಸಿ.ಆರ್. ಚಪ್ಪಲಿ ಕೊಂಡ ಅಂಗಡಿಯ ವಿಳಾಸ ಬರೆದು ಅವನ ಜೇಬಿಗೆ ಹಾಕಿದರು. ಆದರೂ ಅವನು ‘ಹರಕೆ ಮುರಿಯೋಕಾಗಲ್ಲ ಅತ್ತಿಗೆ’ ಅನ್ನುತ್ತಾನೆ. ಹರಕೆ ಮುರಿಯಬೇಡ, ಎಂ.ಸಿ.ಆರ್. ಚಪ್ಪಲಿ ಹಾಕಿಕೊಂಡು ನಡಿ, ದೇವಸ್ಥಾನದ ಬಾಗಿಲಲ್ಲಿ ಬಿಚ್ಚು ಅಂತ ನಾನು. ಈ ಜಗಳ ಇನ್ನೂ ಮುಗಿದಿಲ್ಲ. ಶಿವರಾತ್ರಿಯ ಒಳಗೆ ಅವನ ಅಳತೆ ಕೊಡಿಸಿಯೇ ತೀರುತ್ತೇನೆ.