ಹೊಳೆ ಯಾವುದು, ಹೊತ್ತು ಯಾವುದು? ಫಾರ್ವರ್ಡ್ ಮಾಡುವ ಮುನ್ನ ನೋಡಿ

2021ರ ಜನವರಿ 21ರ ರಾತ್ರಿ ಶಿವಮೊಗ್ಗದಲ್ಲಿ ಕಿಟಕಿ, ಬಾಗಿಲು ಅದುರಿ ಜನ ಬೀದಿಗೆ ಓಡಿಬಂದರು. ನೋಡನೋಡುತ್ತಲೇ ‘ಭೂಕಂಪ’ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಹಬ್ಬಿತು. ನಿಜವಾಗಿ ಆದದ್ದು ಊರಾಚೆಯ ಹುಣಸೋಡಿನ ಕಲ್ಲುಕ್ವಾರಿ ಬಳಿ ಸ್ಫೋಟಕಗಳ ಸಿಡಿತ. ನೆಲ ನಡುಗಿದ್ದು ಹೌದು, ಭೂಕಂಪವೆಂಬುದು ಊಹೆ. ಹಾಗಾಗಿ ಮೊದಲ ಕೆಲಸ: ನೀವು ಕಂಡದ್ದು ಏನು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ಬರೆಯಿರಿ. ಕಾರಣ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಹಾಕಿ. ಸತ್ತವರ ಸಂಖ್ಯೆಯನ್ನಂತೂ ಪೊಲೀಸರೋ ಜಿಲ್ಲಾಡಳಿತವೋ ಹೇಳುವ ತನಕ ಮುಟ್ಟಲೇಬೇಡಿ. ಕೆಲಸಕ್ಕೆ ಹೋದವರ ದಾರಿ ಕಾಯುತ್ತಿರುವ ಮನೆಯವರೂ ಅದನ್ನು ಓದುತ್ತಾರೆ.

ಮಳೆಗಾಲದಲ್ಲಿ ಹೆಚ್ಚು ಎಡವುವುದು ನೀರಿನ ಸುದ್ದಿಯಲ್ಲಿ. ‘ಭದ್ರಾ ಡ್ಯಾಂ ಗೇಟ್ ತೆರೆದಿದ್ದಾರೆ, ಶಿವಮೊಗ್ಗದವರು ಹುಷಾರ್’ ಎಂದು ಬಂದರೆ ಕೈ ತಡೆಯಿರಿ. ಶಿವಮೊಗ್ಗ ನಗರಕ್ಕೆ ಬರುವುದು ಗಾಜನೂರು ಡ್ಯಾಂನಿಂದ ಹರಿಯುವ ತುಂಗೆ. ಲಕ್ಕವಳ್ಳಿಯ ಭದ್ರಾ ಡ್ಯಾಂನಿಂದ ಬಿಟ್ಟ ಭದ್ರೆ ಭದ್ರಾವತಿ ಹಾದು ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಹೊಳೆಯ ಹೆಸರು ತಪ್ಪಿದರೆ ಶಿವಮೊಗ್ಗದವರು ಸುಮ್ಮನೆ ಗಾಬರಿಬೀಳುತ್ತಾರೆ. ಎಚ್ಚರವಾಗಬೇಕಿದ್ದ ಭದ್ರಾವತಿಯ ಹೊಳೆದಂಡೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ. ಅಂಕಿಯನ್ನೂ ಪರೀಕ್ಷಿಸಿ. ಭದ್ರಾ ಜಲಾಶಯದ ಮಟ್ಟ ಅಡಿಯಲ್ಲಿ, ಗರಿಷ್ಠ 186. ಗಾಜನೂರಿನದು ಮೀಟರ್‌ನಲ್ಲಿ, ಗರಿಷ್ಠ 588.24. ಕ್ಯೂಸೆಕ್ ಎಂದರೆ ಹರಿವು, ಟಿಎಂಸಿ ಎಂದರೆ ಸಂಗ್ರಹ. ಒಂದರ ಜಾಗದಲ್ಲಿ ಇನ್ನೊಂದಿದ್ದರೆ ಬರೆದವರಿಗೇ ವಿಷಯ ತಿಳಿದಿಲ್ಲ.

ಶಿವಮೊಗ್ಗದಲ್ಲಿ ತುಂಗೆಯ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದ ಫೋಟೊ ಬಂತೇ? ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡಿ, ಹಳೆಯ ವರ್ಷದ್ದೇ ಇರಬಹುದು. ಲೆನ್ಸ್‌ನಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಅದು ಇವತ್ತಿನದೆಂದಲ್ಲ. ತೆಗೆದವರು ಯಾರು, ಎಷ್ಟು ಹೊತ್ತಿಗೆ ಎಂದು ಕಳಿಸಿದವರನ್ನೇ ಕೇಳಿ.

ಶಾಲೆ ರಜೆಯ ಆದೇಶದಲ್ಲಿ ದಿನಾಂಕ, ತಾಲ್ಲೂಕು ಎರಡನ್ನೂ ಓದಿ. ಹೊಸನಗರದ ರಜೆ ಭದ್ರಾವತಿಗೆ ಅನ್ವಯಿಸುವುದಿಲ್ಲ.

ತಪ್ಪು ಕಳಿಸಿಬಿಟ್ಟರೆ ಅಳಿಸಿ ಸುಮ್ಮನಾಗುವುದು ಸರಿಯಲ್ಲ. ವಾಟ್ಸ್ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಲು ಅವಕಾಶವಿದೆ. ಆದರೆ ಅಷ್ಟರಲ್ಲಿ ಬೇರೆ ಗುಂಪಿಗೆ ಹೋದ ಪ್ರತಿ ಹಾಗೇ ಉಳಿಯುತ್ತದೆ. ಆದ್ದರಿಂದ ಅದೇ ಗುಂಪಿನಲ್ಲಿ ‘8 ಗಂಟೆಗೆ ನಾನು ಹಾಕಿದ್ದು ತಪ್ಪು, ಸರಿಯಾದ ಮಾಹಿತಿ ಇದು’ ಎಂದು ಬರೆದು, ಮುಂದೆ ಕಳಿಸಿದವರೂ ಇದನ್ನು ಕಳಿಸಲಿ ಎಂದು ಕೇಳಿ. ಬೇರೆಯವರ ಪೋಸ್ಟ್‌ಗೆ ಗುಂಪಿನ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗೆಂದು ಸುಳ್ಳೆಂದು ಗೊತ್ತಾದ ಮೇಲೂ ಅದನ್ನು ಗುಂಪಿನಲ್ಲಿ ಉಳಿಸಿಕೊಳ್ಳುವುದು ನನ್ನ ಪ್ರಕಾರ ತಪ್ಪೇ. ಯಾರ ಸಂದೇಶವನ್ನಾದರೂ ಅಳಿಸುವ ಸೌಲಭ್ಯ ಅಡ್ಮಿನ್‌ಗಿದೆ. ಅಳಿಸಿ, ಸರಿಯಾದದ್ದನ್ನೂ ಅವರೇ ಹಾಕಲಿ.